ಎಳೆಗೆ ಎಳೆ ಸೋಕಿಸಿದ ಕೆಂಚಕ್ಕ

ಕೆಂಚಕ್ಕನಿಗೆ ಬರಬೇಕಾದ ಹನ್ನೊಂದು ದಿನದ ಕೂಲಿ ಇವತ್ತಿಗೂ ಬಂದಿಲ್ಲ. ಗುಡ್ಡದಲ್ಲಿ ಕೆಂಪುಬೇರು ಅಗೆದುಕೊಟ್ಟ ಕೂಲಿ ಅದು. ಅಗೆಸಿದವನು ಕಾಲೇಜಿನ ಮೇಷ್ಟ್ರು. ಬಿಲ್ಲು ಪಾಸಾದ ಮೇಲೆ ಕಳಿಸ್ತೀನಿ ಅಂದಿದ್ದ. ಆ ಕೂಲಿಯನ್ನು ಅವಳು ಎಂದೋ ಕೈಬಿಟ್ಟಳು. ಕೈಬಿಡದೆ ಇಟ್ಟುಕೊಂಡಿರುವ ಬಾಕಿ ಇನ್ನೊಂದಿದೆ. ನೆಲದ ಮೇಲೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕಾದ ಒಂದು ಮಾತನ್ನು ಅವನು ಜೀಪು ಹತ್ತಿ ಕೂತು, ಡ್ರೈವರ್ ಕಡೆ ಅರ್ಧ ಮುಖ ತಿರುಗಿಸಿಕೊಂಡು ಹೇಳಿದ. ಹಾಗೆ ಹೇಳಿದ ಮಾತಿಗೆ ತೂಕ ಇರಲಿಲ್ಲ. ಆ ತೂಕದ ಬಾಕಿ ತೀರುವ ಮೊದಲೇ ಅವಳ ನಾದಿನಿ ಸತ್ತಳು.

ಹುಳಿಯಾರಿನಿಂದ ಕೆಂಕೆರೆ ಕಡೆಯ ರಸ್ತೆ ಬಿಟ್ಟು ಬಲಕ್ಕೆ ಇಳಿದರೆ ತೆಂಗಿನ ತೋಟಗಳು ಮುಗಿದು ಜಾಲಿ, ಬಂದರಿಕೆ ಪೊದೆ ಶುರುವಾಗುವ ಕಡೆ ಅವರ ಹಟ್ಟಿ. ಇಪ್ಪತ್ತೆರಡು ಮನೆ, ಮುನ್ನೂರು ಚಿಲ್ಲರೆ ಕುರಿ, ಒಂದು ಮಗ್ಗ. ಮಗ್ಗ ಕೆಂಚಕ್ಕನ ಗಂಡ ಎತ್ತಪ್ಪನದು. ಅವನು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕಂಬಳಿ ನೇಯುವನು. ಅವನ ತಂಗಿ ನಿಂಗಮ್ಮ ಉಣ್ಣೆ ನೂಲುವಳು. ಕೆಂಚಕ್ಕ ಅಂಚಿನ ಎಳೆಗೆ ಬಣ್ಣ ಕಟ್ಟುವಳು. ಬೇರೆ ಹಟ್ಟಿಗಳಲ್ಲೆಲ್ಲ ಸಂತೆಯಲ್ಲಿ ಸಿಗುವ ಪೊಟ್ಟಣದ ಬಣ್ಣ ಬಂದು ಇಪ್ಪತ್ತು ವರ್ಷವಾಗಿತ್ತು. ಕೆಂಚಕ್ಕ ಮಾತ್ರ ಬೇರು ಬಿಟ್ಟಿರಲಿಲ್ಲ. ಪೊಟ್ಟಣದ ಕೆಂಪು ಮೂರು ಮಳೆಗೆ ಇಳಿದುಹೋಗುತ್ತದೆ; ಅವಳು ಕಟ್ಟಿದ ಕೆಂಪು, ಕಂಬಳಿ ಹರಿದು ಚಿಂದಿಯಾದರೂ ಅಂಚಿನಲ್ಲಿ ಹಾಗೇ ಉಳಿಯುತ್ತದೆ.

ಬೇರಿನ ಸಿಪ್ಪೆ ಸುಲಿದು, ಕುಟ್ಟಿ, ಮೂರು ದಿನ ನೆನೆಹಾಕಿ ಕುದಿಸಿದರೆ ನೀರು ಗಂಜಲದ ಹಾಗೆ ಹಳದಿಯಾಗುತ್ತದೆ. ಆ ಹಳದಿಯನ್ನು ನೋಡಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅದಕ್ಕೆ ಕೆರೆಯಂಗಳದಿಂದ ತಂದ ಸೌಳು, ಅಂದರೆ ಬಟ್ಟೆ ಒಗೆಯೋಕೆ ಬಳಸುವ ಬಿಳಿ ಉಪ್ಪುಮಣ್ಣು, ಒಂದು ಹಿಡಿ ಹಾಕಬೇಕು. ಹಾಕಿದ ಕಡೆಯಿಂದ ಶುರುವಾಗಿ, ಮಡಕೆಯ ಅಂಚಿನತನಕ ಹಳದಿ ನೀರು ಕಣ್ಣೆದುರೇ ನೆತ್ತರಾಗುತ್ತದೆ. ಎಷ್ಟು ಸಲ ನೋಡಿದರೂ ಕೆಂಚಕ್ಕನ ಬೆನ್ನಿನಲ್ಲಿ ಒಂದು ಚಳಿ ಹರಿದುಹೋಗುತ್ತಿತ್ತು. ಬಣ್ಣ ಎಲ್ಲಿಂದಲೋ ಬಂದದ್ದಲ್ಲ, ಅಲ್ಲೇ ಇತ್ತು, ಕಾಣಿಸದೆ ಕಾಯುತ್ತಾ ಕೂತಿತ್ತು ಅಂತ ಅನ್ನಿಸುತ್ತಿತ್ತು.

ಅವಳ ಕೈಗಳೂ ಮಣಿಕಟ್ಟಿನತನಕ ಕೆಂಪು. ಶೆಟ್ಟಿಕೆರೆ ಬಸ್ಸಿನ ಕಂಡಕ್ಟರ್ ಚಿಲ್ಲರೆಯನ್ನು ಅವಳ ಅಂಗೈಗೆ ಮುಟ್ಟದೆ ಮೇಲಿನಿಂದ ಉದುರಿಸುತ್ತಿದ್ದ.

“ಯಾರನ್ನ ಮುಗಿಸಿ ಬಂದ್ಯಮ್ಮ?” ಅಂತ ಒಂದು ದಿನ ಕೇಳಿದ.

“ಹೋದ ತಿಂಗಳ ಕಂಡಕ್ಟರನ್ನ” ಅಂದಳು ಕೆಂಚಕ್ಕ.

ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಿಂಗಮ್ಮ. ಗಂಡ ಸತ್ತ ಮೇಲೆ ತವರಿಗೆ ಬಂದು ಇಪ್ಪತ್ತು ವರ್ಷವಾಗಿದ್ದ ಹೆಂಗಸು. ಅತ್ತಿಗೆ ನಾದಿನಿ ಒಂದೇ ಒಲೆಯಲ್ಲಿ ಬೇಯಿಸಿ, ಒಂದೇ ಚಾಪೆಯಲ್ಲಿ ಮಲಗಿ, ದಿನಕ್ಕೆ ಎರಡು ಸಲ ಜಗಳ ಆಡುತ್ತಿದ್ದರು. ಎತ್ತಪ್ಪ ಇಬ್ಬರ ನಡುವೆ ಬಾಯಿ ಹಾಕುತ್ತಿರಲಿಲ್ಲ. “ನಂಗೆ ಮಗ್ಗದ ಸದ್ದೇ ಸಾಕು” ಅನ್ನುವನು.

ಆ ಕೆಂಪಿಗೆ ಕಂಬಳಿಯ ಅಂಚಲ್ಲದೆ ಇನ್ನೊಂದು ಕೆಲಸ ಇತ್ತು. ಕುರಿಯ ಮೈಮೇಲೆ ಗಂಟು ಎದ್ದರೆ ಗಡಿ ಹಾಕುವುದು. ಅಮಾವಾಸ್ಯೆ ದಿನ, ನೆರಳು ಕಾಲಡಿಗೆ ಸೇರುವ ನೆತ್ತಿ ಹೊತ್ತಿನಲ್ಲಿ, ಗಂಟಿನ ಸುತ್ತ ಒಂದು ಬೆರಳು ಜಾಗ ಬಿಟ್ಟು ಕೆಂಪು ಬಳೆ ಬರೆಯಬೇಕು. ಬರೆಯುವಾಗ ಯಾರೂ ಮಾತಾಡಕೂಡದು. ಬಳೆಯ ಸುತ್ತಳತೆಗೆ ಸರಿಯಾಗಿ ಒಂದು ಉಣ್ಣೆ ಎಳೆ ಕತ್ತರಿಸಿ, ಅದೇ ಬಣ್ಣದಲ್ಲಿ ಅದ್ದಿ, ಮಗ್ಗದ ಕಂಬಕ್ಕೆ ಕಟ್ಟಬೇಕು. ಪ್ರತಿ ಅಮಾವಾಸ್ಯೆಗೂ ಗೆರೆಯನ್ನು ತಿದ್ದಬೇಕು, ಹೊಸ ಎಳೆ ಕಟ್ಟಬೇಕು. ಗಂಟು ಗೆರೆಯೊಳಗೇ ನಿಂತರೆ ಕುರಿ ಉಳಿಯಿತು. ಗೆರೆ ದಾಟಿದರೆ ಆ ಕುರಿ ಹೊತ್ತು ಮುಳುಗುವುದರೊಳಗೆ ಹಟ್ಟಿ ಬಿಟ್ಟು ಹೋಗಬೇಕು.

ಇನ್ನೊಂದು ಕಟ್ಟಳೆಯೂ ಇತ್ತು. ಎಳೆಗೆ ಎಳೆ ಸೋಕಿಸಬಾರದು. ಅದಕ್ಕೇ ಕಂಬದಲ್ಲಿ ಒಂದೊಂದು ಎಳೆಗೂ ಒಂದೊಂದು ಕಚ್ಚು ಕೊರೆದಿತ್ತು. ಯಾಕೆ ಸೋಕಿಸಬಾರದು ಅಂತ ಕೆಂಚಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯನ್ನು ಕೇಳಿದ್ದಳು.

“ಸೋಕಿದ್ರೆ ಬೆಳೀತವೆ ಕಣೇ.”

“ಏನ್ ಬೆಳೀತವೆ ಅತ್ತೆ?”

“ಕೇಳ್ಬ್ಯಾಡ” ಅಂದಿದ್ದಳು ಮುದುಕಿ.

ತೆಂಗಿಗೆ ನುಸಿ ಬಿದ್ದ ವರ್ಷ ಕಾಲೇಜಿನ ಜೀಪು ಮೊದಲ ಸಲ ಹಟ್ಟಿಗೆ ಬಂತು. ತಿಪಟೂರಿನಿಂದ ಹುಳಿಯಾರಿನವರೆಗೆ ಎಲ್ಲಿ ನೋಡಿದರೂ ಕಾಯಿಗಳು ಸುಕ್ಕುಗಟ್ಟಿ, ಕಜ್ಜಿ ಹಿಡಿದ ಹಾಗೆ ಒಡೆದುಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ದೊಪ್ಪನೆ ಉದುರುತ್ತಿದ್ದ ಕಾಲ ಅದು. ನುಸಿ ಕಣ್ಣಿಗೆ ಕಾಣುವಂಥದ್ದಲ್ಲ. ಕಾಯಿಯ ತೊಟ್ಟಿನಡಿ ಕೂತು ತಿನ್ನುತ್ತದೆ. ಸಿಪ್ಪೆಯ ಮೇಲೆ ಕಲೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಜನ ಮರದ ಬುಡಕ್ಕೆ ಸುಣ್ಣ ಬಳಿದರು, ಬೇರಿಗೆ ಔಷಧಿ ಪೊಟ್ಟಣ ಕಟ್ಟಿದರು. ಜೀಪು ನೋಡಿದ ಹಟ್ಟಿಯವರು ಇವನೂ ನುಸಿಗೆ ಬಂದವನೇ ಅಂದುಕೊಂಡರು.

ಅವನು ಬಂದದ್ದು ಬೇರಿಗೆ. ಹೆಸರು ಸೂರ್ಯಪ್ರಕಾಶ್. ಗಿಡದ ಬಣ್ಣಗಳಲ್ಲಿ ರೋಗಕ್ಕೆ ಏನಾದರೂ ಸಿಗುತ್ತಾ ಅಂತ ಹುಡುಕುವ ಕೆಲಸ. ಅರಿಶಿನದ ಹಳದಿಯನ್ನು ಎಲ್ಲ ಕಡೆ ನೋಡ್ತಿದ್ದಾರೆ, ನೇರಳೆಯ ನೀಲಿಯನ್ನು ನೋಡ್ತಿದ್ದಾರೆ, ನಿಮ್ಮ ಕೆಂಪನ್ನ ಯಾರೂ ನೋಡಿಲ್ಲ ಅಂದ. ಕೆಂಚಕ್ಕ ಮಡಕೆಗೆ ಸೌಳು ಹಾಕಿ ತೋರಿಸಿದಳು. ನೀರು ಕೆಂಪಿಗೆ ತಿರುಗಿದ್ದೇ ತಡ, ಮೇಷ್ಟ್ರು ಎರಡು ಹೆಜ್ಜೆ ಹಿಂದಕ್ಕೆ ಹೋದ.

“ಯಾಕ್ ಸ್ವಾಮಿ, ನಿಮ್ ಕಾಲೇಜಲ್ಲಿ ನೀರು ಕೆಂಪಾಗಲ್ವಾ?” ಅಂದಳು ನಿಂಗಮ್ಮ.

“ಆಗುತ್ತೆ ಅಮ್ಮ. ಇಷ್ಟು ದೊಡ್ಡ ಮಡಕೇಲಿ ನೋಡಿರಲಿಲ್ಲ.”

ಗಡಿಯ ಸಂಗತಿ ಕೇಳಿ ಅವನು ಪುಸ್ತಕ ತೆಗೆದು ಬರೆದುಕೊಂಡ. ಬೇರು ಅಗೆಯುವಾಗ ಕೆಂಚಕ್ಕ ಅದರ ಹೆಸರು ಹೇಳುತ್ತಿರಲಿಲ್ಲ, “ಅದು” ಅನ್ನುತ್ತಿದ್ದಳು. ಅರ್ಧ ಬೇರು ಮಣ್ಣಿನಲ್ಲೇ ಬಿಟ್ಟು ಮುಚ್ಚುತ್ತಿದ್ದಳು. ಇದನ್ನೂ ಬರೆದುಕೊಂಡ. ಹನ್ನೊಂದನೆಯ ದಿನ ಎರಡು ಚೀಲ ಬೇರು ತುಂಬಿಸಿಕೊಂಡು ಹೋದ.

ಆ ವರ್ಷ ದೀಪಾವಳಿ ಹತ್ತಿರ ಬಂದಾಗ ಕೆಂಚಕ್ಕ ಒಂದು ವಿಷಯ ಗಮನಿಸಿದಳು. ನಿಂಗಮ್ಮ ರವಿಕೆ ಬದಲಿಸುವಾಗ ಗೋಡೆ ಕಡೆ ತಿರುಗುತ್ತಿದ್ದಾಳೆ.

“ಅದ್ಯಾವಾಗಿಂದ ನಿಂಗೆ ನಾಚ್ಕೆ ಬಂದಿದ್ದು? ನಿನ್ನ ಮೈ ನಂಗೇನ್ ಹೊಸದಾ?”

“ಬುಡು ಅತ್ಗೆ.”

“ತಿರುಗೇ ಈ ಕಡೆ.”

ಎಡ ಮೊಲೆಯ ಹೊರಮಗ್ಗುಲಲ್ಲಿ ಹುಣಸೆಬೀಜದಷ್ಟು ಗಂಟು. ಕಲ್ಲಿನ ಹಾಗಿತ್ತು, ಒತ್ತಿದರೆ ಜರುಗುತ್ತಿರಲಿಲ್ಲ. ಕೆಂಚಕ್ಕನ ಬೆರಳು ಸಾವಿರ ಕುರಿಯ ಮೈ ತಡವಿದ ಬೆರಳು. ಕೀವಿನ ಗಂಟು ಯಾವುದು, ಕೊಬ್ಬಿನ ಗಂಟು ಯಾವುದು ಅಂತ ಅದಕ್ಕೆ ಗೊತ್ತು. ಇದು ಎರಡೂ ಅಲ್ಲ.

“ನೋವೈತಾ?”

“ಚೂರೂ ಇಲ್ಲ.”

ನೋವಿಲ್ಲ ಅನ್ನೋದೇ ಕೆಂಚಕ್ಕನಿಗೆ ಸರಿಬರಲಿಲ್ಲ. ಆಸ್ಪತ್ರೆಗೆ ಹೋಗಾಣ ಅಂದಳು. ನಿಂಗಮ್ಮ ಮಾತು ಮುಗಿಯೋಕೆ ಬಿಡಲಿಲ್ಲ. ಕೆಂಕೆರೆ ಕಡೆಯಿಂದ ಹೀಗೇ ಗಂಟು ಅಂತ ಬೆಂಗಳೂರಿಗೆ ಹೋದ ಇಬ್ಬರು ಹೆಂಗಸರ ಪೈಕಿ ಒಬ್ಬಳು ಅರ್ಧ ಎದೆ ಬಿಟ್ಟು ಬಂದಿದ್ದಳು, ಇನ್ನೊಬ್ಬಳು ಬರಲೇ ಇಲ್ಲ. “ಗಡಿ ಹಾಕು” ಅಂದಳು ನಿಂಗಮ್ಮ.

“ಕುರಿಗೆ ಹಾಕಾದು ಕಣೇ ಅದು. ಮನುಷ್ಯರಿಗೆ ಯಾರೂ ಹಾಕಿಲ್ಲ.”

“ನಾನೇನು ಕುರಿಗಿಂತ ಕಡೇನಾ?”

ಅಮಾವಾಸ್ಯೆ ಮಧ್ಯಾಹ್ನ ಕದ ಹಾಕಿಕೊಂಡು ಕೆಂಚಕ್ಕ ಮೊದಲ ಬಳೆ ಬರೆದಳು. ಒಂದು ಬೆರಳು ಜಾಗ ಬಿಟ್ಟು, ಉಸಿರು ಬಿಗಿಹಿಡಿದು. ಎಳೆ ಕತ್ತರಿಸಿ ಅದ್ದಿ ಕಂಬಕ್ಕೆ ಕಟ್ಟಿದಳು. ಹೊರಗೆ ಯಾರದೋ ತೋಟದಲ್ಲಿ ನುಸಿ ಹಿಡಿದ ಕಾಯಿ ಒಂದು ಬಿತ್ತು. ಇಬ್ಬರೂ ಬೆಚ್ಚಿದರು.

ಎರಡನೇ ಎಳೆ ಕಟ್ಟಿದ ಮೇಲೆ ಕುರಿಗಳ ಸಂಗತಿ ಶುರುವಾಯಿತು. ನಿಂಗಮ್ಮ ದಿನಾ ಸಂಜೆ ಹಟ್ಟಿಯ ನಡುವಿನ ಬಯಲಲ್ಲಿ ರಾಟೆ ಇಟ್ಟುಕೊಂಡು ಕೂರುವಳು. ಮೇದು ಬಂದ ಕುರಿಗಳು ಅವಳ ಮೈಗೆ ಒತ್ತಿಕೊಂಡೇ ಮಲಗುವ ಅಭ್ಯಾಸ. ಮರಿಗಳಂತೂ ಅವಳ ಸೆರಗು ಅಗಿಯುತ್ತಿದ್ದವು. ಆ ಸಂಜೆ ಬಂದ ಕುರಿಗಳು ಅವಳಿಂದ ಒಂದು ಮಾರು ದೂರದಲ್ಲಿ ನಿಂತವು. ನಿಂತು, ಮೂಸಿ, ಅಲ್ಲೇ ಮಲಗಿದವು. ಸುತ್ತಲೂ ಕುರಿ, ನಡುವೆ ಖಾಲಿ ನೆಲ, ಅದರ ನಟ್ಟನಡುವೆ ನಿಂಗಮ್ಮ. ಮೇಲಿನಿಂದ ಯಾರಾದರೂ ನೋಡಿದ್ದರೆ ಬಳೆ ಬರೆದ ಹಾಗೇ ಕಾಣುತ್ತಿತ್ತು.

“ನೋಡ್ಲಾ ಅಣ್ಣ, ನಿನ್ ಕುರಿಗಳಿಗೆ ಮರ್ಯಾದೆ ಬಂದೈತೆ” ಅಂದಳು ನಿಂಗಮ್ಮ.

ಎತ್ತಪ್ಪ ನಕ್ಕ. ಮಾರನೆಯ ಸಂಜೆಯೂ ಹಾಗೇ ಆಯಿತು. ಅವನು ಆಮೇಲೆ ನಗಲಿಲ್ಲ.

ಮೂರನೇ ಎಳೆ ಕಟ್ಟಿದ ವಾರದಲ್ಲಿ ನರ್ಸಮ್ಮ ಶಾಂತಕುಮಾರಿ ಮಕ್ಕಳಿಗೆ ಪೋಲಿಯೋ ಹನಿ ಹಾಕೋಕೆ ಮೊಪೆಡ್ಡಿನಲ್ಲಿ ಬಂದಳು. ಕೆಂಚಕ್ಕನೇ ಅವಳನ್ನು ಒಳಗೆ ಕರೆದು ತೋರಿಸಿದಳು. ಶಾಂತಕುಮಾರಿ ಕೆಂಪು ಬಳೆ ನೋಡಿ ಹಣೆ ಹಣೆ ಚಚ್ಚಿಕೊಂಡಳು.

“ಇದು ಗೆರೆ ಎಳೆದು ನಿಲ್ಸೋ ಕಾಯಿಲೆ ಅಲ್ಲ ಕಣ್ರಮ್ಮ. ಇಷ್ಟಿರೋವಾಗ್ಲೇ ಹೋದ್ರೆ ಉಳಿಯೋ ದಾರಿ ಐತೆ. ಹೋಗ್ರೀ!” ಚೀಟಿ ಬರೆದುಕೊಟ್ಟಳು. ಯಾವ ಬಸ್ಸು, ಯಾವ ಸ್ಟಾಪು, ಯಾವ ಬಾಗಿಲು ಅಂತೆಲ್ಲ ಬರೆದಳು. ಒಂದು ಗಂಟೆ ಕೂತು ನಿಂಗಮ್ಮನನ್ನು ಒಪ್ಪಿಸಿದಳು. ಸಂಕ್ರಾಂತಿ ಕಳೆದ ಸೋಮವಾರ, ಆರೂವರೆ ಬಸ್ಸು. ನಿಂಗಮ್ಮ ಬ್ಯಾಗಿನಲ್ಲಿ ಎರಡು ಸೀರೆ, ಒಂದು ಡಬ್ಬಿ ಹುರಿಹಿಟ್ಟು ಇಟ್ಟುಕೊಂಡಳು.

ಭಾನುವಾರ ಜೀಪು ಬಂತು.

ಸೂರ್ಯಪ್ರಕಾಶನ ಮುಖದಲ್ಲಿ ಹಬ್ಬ. ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿಯ ಮೇಲೆ ಅವನು ಎರಡು ಫೋಟೋ ಇಟ್ಟ. ಮೊದಲನೆಯದರ ತುಂಬ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು. ಎರಡನೆಯದರಲ್ಲಿ ಎರಡು ಕಡೆ ಕಾಳು, ನಡುವೆ ಬೋಳು ದಾರಿ.

“ಕ್ಯಾನ್ಸರಿನ ಕಣ ಇವು. ಗಾಜಿನ ತಟ್ಟೆಯಲ್ಲಿ ಬೆಳೆಸಿ, ನಡುವೆ ಒಂದು ಗೆರೆ ಕೆರೆದ್ವಿ. ಸುಮ್ನೆ ಬಿಟ್ಟ ತಟ್ಟೆಯಲ್ಲಿ ಒಂದು ದಿನದೊಳಗೆ ಎರಡೂ ಕಡೆಯಿಂದ ನಡೆದುಬಂದು ಗೆರೆ ಮುಚ್ಚಿಬಿಟ್ವು. ನಿಮ್ಮ ಬೇರಿನ ಬಣ್ಣ ಹಾಕಿದ ತಟ್ಟೆ ನೋಡಿ. ನಿಂತಲ್ಲೇ ನಿಂತಿದಾವೆ.”

ಕೆಂಚಕ್ಕ ಬಗ್ಗಿ ನೋಡಿದಳು. ಅವಳಿಗೆ ಕಂಡದ್ದು ಗಡಿ.

“ನಡೀತಾವಾ ಇವು?”

“ನಡೀತಾವೆ ಅಮ್ಮ. ಅದೇ ಅಪಾಯ. ಹುಟ್ಟಿದ ಜಾಗದಲ್ಲೇ ಇದ್ರೆ ಕೊಯ್ದು ತೆಗೀಬಹುದು. ರಕ್ತದಲ್ಲಿ ಸೇರ್ಕೊಂಡು ಹೋಗಿ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಮನೆ ಮಾಡಿದ್ರೆ ಕಷ್ಟ. ಆ ನಡಿಗೆಯನ್ನ ನಿಮ್ಮ ಬಣ್ಣ ತಡೀತಿರೋ ಹಾಗೆ ಕಾಣ್ತಿದೆ.”

ಕೆಂಚಕ್ಕ ಬಾಯಿ ತೆರೆದಳು. ಹೇಳಿಬಿಡಬೇಕು, ಇಲ್ಲೇ ಕೂತವಳೆ ನೋಡಿ ಸ್ವಾಮಿ ಅನ್ನಬೇಕು. ಪಕ್ಕದಲ್ಲಿದ್ದ ನಿಂಗಮ್ಮ ಅವಳ ತೊಡೆಯನ್ನು ಚಿವುಟಿದಳು. ರಕ್ತ ಹೆಪ್ಪುಗಟ್ಟುವ ಹಾಗೆ ಚಿವುಟಿದಳು. ಗಂಡಸಿನ ಮುಂದೆ, ಅದೂ ಪರಊರಿನವನ ಮುಂದೆ ಎದೆಯ ಮಾತು ಬೇಡ. ಕೆಂಚಕ್ಕ ಬಾಯಿ ಮುಚ್ಚಿದಳು. ಅವನೂ ಕೇಳಲಿಲ್ಲ. ಗಡಿ ಹಾಕುವ ಹಟ್ಟಿಯಲ್ಲಿ ಯಾರ ಮೈಮೇಲಾದರೂ ಗಡಿ ಇದೆಯಾ ಅಂತ ಆ ಓದಿದ ಮನುಷ್ಯ ಕೇಳಲಿಲ್ಲ.

ಒಂದು ಫೋಟೋ ಬಿಟ್ಟು ಹೋಗಿ ಅಂದಳು ನಿಂಗಮ್ಮ. ಬೋಳು ದಾರಿಯ ಫೋಟೋ ಕೊಟ್ಟ. ಮತ್ತೊಂದು ಚೀಲ ಬೇರು ಜೀಪಿಗೆ ಹಾಕಿಸಿ, ಹತ್ತಿ ಕೂತು, ಬಾಗಿಲು ಎಳೆದುಕೊಂಡ ಮೇಲೆ ಅವನು ಆ ಮಾತು ಹೇಳಿದ.

“ಇದಿನ್ನೂ ಗಾಜಿನ ತಟ್ಟೆ ಮಾತಮ್ಮ. ಮನುಷ್ಯರ ಮೈಯೇ ಬೇರೆ. ಅಲ್ಲಿಗೆ ಹೋಗೋಕೆ ಎಷ್ಟು ವರ್ಷವೋ, ಹೋಗುತ್ತೋ ಇಲ್ವೋ.” ಹೇಳುತ್ತಾ ಡ್ರೈವರಿಗೆ ಹೊರಡು ಅಂತ ಕೈಸನ್ನೆ ಮಾಡಿದ.

ಧೂಳು ಇಳಿಯಿತು. ನಿಂಗಮ್ಮ ಫೋಟೋ ಹಿಡಿದು ನಿಂತೇ ಇದ್ದಳು.

“ಅವನು ಹೇಳಿದ್ದು ಕೇಳಿಸ್ತಾ?” ಅಂದಳು ಕೆಂಚಕ್ಕ.

“ಕೇಳಿಸ್ತು. ನುಣ್ಣನೆ ಗಾಜಿನ ಮೇಲೆ ನಿಲ್ಸಿದ ಬಣ್ಣ ಮೈಮೇಲೆ ನಿಲ್ಸಲ್ವಾ? ಗಾಜಿಗೆ ಬಣ್ಣ ಹಿಡಿಯಾದೇ ಕಷ್ಟ, ನೀನೇ ಹೇಳ್ತಿದ್ದೆ.”

ಬಣ್ಣ ಕಟ್ಟುವವಳಿಗೆ ಹೊಳೆಯುವ ತರ್ಕ ಅದು. ನಿಜ ಹೇಳಬೇಕು ಅಂದರೆ ಕೆಂಚಕ್ಕನಿಗೂ ಅದನ್ನು ಮುರಿಯುವುದು ಬೇಕಿರಲಿಲ್ಲ. ಮೂವತ್ತು ವರ್ಷ ಜನ ಅವಳ ಕೈ ನೋಡಿ ದೂರ ಸರಿದಿದ್ದರು. ಆ ಕೈಗೆ ಕಾಲೇಜಿನ ಫೋಟೋ ಬಂದಿತ್ತು. ಸೋಮವಾರದ ಆರೂವರೆ ಬಸ್ಸು ಅವರಿಬ್ಬರನ್ನು ಬಿಟ್ಟು ಹೋಯಿತು. ಬ್ಯಾಗಿನ ಹುರಿಹಿಟ್ಟನ್ನು ಇಬ್ಬರೂ ಕೂತು ತಿಂದರು.

ನಾಲ್ಕನೇ ಎಳೆ, ಐದನೇ ಎಳೆ. ಗಾಳಿಯಿಲ್ಲದ ಮಧ್ಯಾಹ್ನ, ಕದ ಮುಚ್ಚಿದ ಮನೆಯಲ್ಲಿ ಕಂಬದ ಎಳೆಗಳು ಮೆಲ್ಲಗೆ ತಿರುಗುತ್ತಿದ್ದವು. ಎತ್ತಪ್ಪ ನೇಯುವುದು ನಿಲ್ಲಿಸಿದರೆ ಅವೂ ನಿಲ್ಲುತ್ತವಾ ಅಂತ ಕೆಂಚಕ್ಕ ನೋಡಿದಳು. ನಿಲ್ಲಲಿಲ್ಲ. ಎಳೆಗಳು ಕಣ್ಣಿಗೆ ಬೀಳದಿರಲಿ ಅಂತ ಎತ್ತಪ್ಪ ಮಗ್ಗವನ್ನು ಗೋಡೆ ಕಡೆ ತಿರುಗಿಸಿ ಹೂಡಿಕೊಂಡ.

ಶಾಂತಕುಮಾರಿ ಎರಡು ಸಲ ಬಂದು ಬೈದಳು. ನಿಂಗಮ್ಮ ರವಿಕೆಯೊಳಗಿನ ಫೋಟೋ ತೆಗೆದು ಅವಳ ಮುಖಕ್ಕೆ ಹಿಡಿದಳು. “ನಿಮ್ಮಂಥ ಓದಿದೋರೇ ತೆಗ್ದಿರಾದು ಕಣಮ್ಮ.”

“ಇದು ತಟ್ಟೆ ಕಣೇ, ತಟ್ಟೆ! ನಿಂಗೆ ರಕ್ತ ಹರಿಯುತ್ತೆ. ತಟ್ಟೇಲಿ ಏನ್ ಹರಿಯುತ್ತೆ?”

“ಗಡಿ ದಾಟಿಲ್ಲ. ಬೇಕಾದ್ರೆ ನೋಡು.”

ದಾಟಿರಲಿಲ್ಲ. ಪ್ರತಿ ಅಮಾವಾಸ್ಯೆಯೂ ಗಂಟಿಗೂ ಗೆರೆಗೂ ನಡುವೆ ಒಂದು ಬೆರಳು ಜಾಗ ಹಾಗೇ ಇತ್ತು. ಗಂಟು ದಪ್ಪಗಾಗಿದೆ, ಅದರ ಮೇಲಿನ ಚರ್ಮ ನಿಂಬೆಸಿಪ್ಪೆಯ ಹಾಗಾಗಿದೆ ಅಂತ ಕೆಂಚಕ್ಕನ ಬೆರಳಿಗೆ ಗೊತ್ತಾಗುತ್ತಿತ್ತು. ಕಟ್ಟಳೆ ಕೇಳುವುದು ಮಾತ್ರ ಒಂದೇ ಪ್ರಶ್ನೆ, ದಾಟಿತಾ ಇಲ್ವಾ. ದಾಟಿಲ್ಲ. ಅವಳು ಆ ಉತ್ತರದ ಮೇಲೆ ಮಲಗಿ ನಿದ್ದೆ ಮಾಡಿದಳು.

ಏಳನೇ ಎಳೆ ಕಟ್ಟಿದ ಮೇಲೆ ನಿಂಗಮ್ಮನಿಗೆ ಸೊಂಟ ಹಿಡಿಯಿತು. ತೆಂಗಿನ ಮಟ್ಟೆ ಹೊರೆ ಹೊತ್ತಿದ್ದಕ್ಕೆ ಅಂದುಕೊಂಡರು. ಎಣ್ಣೆ ತಿಕ್ಕಿದರು. ಹದಿನೈದು ದಿನಕ್ಕೆ ರಾಟೆ ಮುಂದೆ ಕೂರೋಕಾಗದೆ ಮಲಗಿದಳು. ಅವಳು ಕೂರುತ್ತಿದ್ದ ಬಯಲು ಖಾಲಿಯಾಯಿತು. ಸಂಜೆ ಕುರಿಗಳು ಬಂದು ಮೊದಲಿನ ಹಾಗೇ ಬಳೆಯಾಗಿ ಮಲಗುತ್ತಿದ್ದವು. ನಡುವೆ ಯಾರೂ ಇಲ್ಲದಿದ್ದರೂ ನಡುವಿನ ಜಾಗಕ್ಕೆ ಒಂದು ಮರಿಯೂ ಕಾಲಿಡುತ್ತಿರಲಿಲ್ಲ.

ಎಂಟನೇ ಅಮಾವಾಸ್ಯೆ ಬಂತು. ನೆತ್ತಿ ಹೊತ್ತಿಗೆ ಕೆಂಚಕ್ಕ ಕದ ಹಾಕಿ, ಗವಾಕ್ಷಿಯ ಬೆಳಕಿಗೆ ನಿಂಗಮ್ಮನನ್ನು ಮಲಗಿಸಿ, ರವಿಕೆ ಬಿಚ್ಚಿದಳು. ಮಲಗಿದಲ್ಲೇ ಇದ್ದ ಮೈ, ಬೆವರಿನ ಜಿಗುಟು. ಒರೆಸಿ ಆಮೇಲೆ ಬರೆಯೋಣ ಅಂತ ಕೈಗೆ ಸಿಕ್ಕಿದ ಮಡಕೆಯಲ್ಲಿ ಬಟ್ಟೆ ಅದ್ದಿದಳು. ಅದು ಕುಡಿಯುವ ನೀರಿನ ಮಡಕೆಯಲ್ಲ. ಉಣ್ಣೆ ತೊಳೆಯೋಕೆ ಬೆಳಗ್ಗೆ ಕಲೆಸಿಟ್ಟ ಸೌಳಿನ ನೀರು. ಅವಳಿಗೆ ಅದು ತಿಳಿಯಲಿಲ್ಲ. ಹಿಂಡಿ, ಎದೆಯ ಮೇಲೆ ಒಂದು ಸಲ ಎಳೆದಳು.

ತಿಂಗಳ ಹಿಂದೆ ಬರೆದ ಬಳೆ ಉದುರಿ, ಮಾಸಿ, ಕಣ್ಣಿಗೆ ಕಾಣದಂತಾಗಿತ್ತು. ಒದ್ದೆ ಬಟ್ಟೆ ಹೋದ ಕಡೆ ಅದು ಚರ್ಮದೊಳಗಿಂದ ಎದ್ದುಬಂತು. ಮೊದಲು ಒಂದು ತುದಿ, ಆಮೇಲೆ ಬಾಗು, ಆಮೇಲೆ ಇಡೀ ಬಳೆ, ಹಸಿ ನೆತ್ತರ ಬಣ್ಣ. ಕೆಂಚಕ್ಕ ಕೈ ಎತ್ತಿದಳು. ಅವಳು ನೋಡುತ್ತಿದ್ದ ಹಾಗೇ ಆ ಬಳೆಯ ಒಳಗೆ ಇನ್ನೊಂದು ಎದ್ದಿತು. ಮಸುಕಾಗಿ, ಅಲ್ಲಲ್ಲಿ ತುಂಡಾಗಿ, ಒಂದು ಅಕ್ಕಿಕಾಳಿನಷ್ಟು ಒಳಗೆ. ಅದರ ಹಿಂದಿನ ತಿಂಗಳ ಬಳೆ.

ಕುರಿಯ ಮೇಲೆ ಹೀಗಾಗುವುದಿಲ್ಲ. ಉಣ್ಣೆ ಬಣ್ಣ ಹಿಡಿದರೆ ಬಿಡುವುದಿಲ್ಲ. ಹಳೇ ಗೆರೆ ಕಾಣುತ್ತಲೇ ಇರುತ್ತದೆ, ಅದರ ಮೇಲೇ ತಿದ್ದುತ್ತಾರೆ, ಗಡಿ ಹಾಕಿದ ಕಡೆಯೇ ಇರುತ್ತದೆ. ಮನುಷ್ಯರ ಚರ್ಮ ಬಣ್ಣ ಉದುರಿಸುತ್ತದೆ. ಕೆಂಚಕ್ಕ ಪ್ರತಿ ತಿಂಗಳೂ ಬೋಳು ಚರ್ಮದ ಮೇಲೆ ಹೊಸದಾಗಿ, ಗಂಟಿನಿಂದ ಒಂದು ಬೆರಳು ಬಿಟ್ಟು ಬರೆದಿದ್ದಳು. ಗಂಟು ಬೆಳೆದಷ್ಟೂ ಗಡಿ ಹೊರಗೆ ಸರಿದಿತ್ತು. ಅದು ಹೇಗೆ ತಾನೆ ದಾಟೀತು? ಅವಳೇ ಮುಂದೆ ಮುಂದೆ ಹೋಗಿ ದಾರಿ ಬಿಟ್ಟುಕೊಟ್ಟಿದ್ದಳು.

ಅವಳು ಎದ್ದು ಕಂಬದ ಹತ್ತಿರ ಹೋದಳು.

“ಅತ್ಗೆ, ಏನ್ ಮಾಡ್ತಿದ್ದೀಯ?” ಬರೆಯುವ ಹೊತ್ತಲ್ಲಿ ಮಾತಾಡಕೂಡದು ಅನ್ನೋದನ್ನು ನಿಂಗಮ್ಮ ಮರೆತಳು.

ಕೆಂಚಕ್ಕ ಏಳು ಎಳೆಯನ್ನೂ ಬಿಚ್ಚಿ, ಕಂಬಳಿಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿದಳು. ಮೊದಲನೆಯದು ಅವಳ ಒಂದು ಗೇಣು. ಎರಡನೆಯದು ಅದಕ್ಕಿಂತ ಉಗುರಿನಷ್ಟು ಉದ್ದ. ಮೂರನೆಯದು ಅದಕ್ಕಿಂತ. ಒಂದು ಕಡೆ ಸಮ ಮಾಡಿದರೆ ಇನ್ನೊಂದು ಕಡೆ ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋದವು. ಏಳನೆಯದು ಒಂದೂವರೆ ಗೇಣು.

“ಸೋಕಿಸಿಬುಟ್ಯಾ?” ಅಂದಳು ನಿಂಗಮ್ಮ.

“ಹೂಂ.”

“ಬೆಳೆದ್ವಾ?”

“ಮೊದಲೇ ಬೆಳೆದಿದ್ವು ಕಣೇ.”

ಮಾರನೆಯ ದಿನ ಆರೂವರೆ ಬಸ್ಸಿನಲ್ಲಿ 'ಹಿಂದಿನ ಸೀಟು ಪೂರಾ ಬಿಟ್ಟುಕೊಡಿ' ಅಂತ ಜಗಳ ಮಾಡಿ ಕೆಂಚಕ್ಕ ನಾದಿನಿಯನ್ನು ಮಲಗಿಸಿಕೊಂಡು ಹೋದಳು. ಜಗಳದಲ್ಲಿ ಕಂಡಕ್ಟರ್ ಅವಳ ಕಡೆ ನಿಂತ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಫೋಟೋ ತೆಗೆಸಿದಳು. ಬೆಳಕಿಗೆ ಹಿಡಿದು ಬೆನ್ನುಮೂಳೆ ತೋರಿಸಿದಳು. ಮೂಳೆಯ ಮೇಲೆ ಅಲ್ಲಲ್ಲಿ ರಾಗಿ ಚೆಲ್ಲಿದ ಹಾಗಿತ್ತು. ಕೆಂಚಕ್ಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಡೀತಾವೆ ಅಂತ ಮೇಷ್ಟ್ರು ಅವಳ ಮಗ್ಗದ ಮುಂದೆಯೇ ಹೇಳಿದ್ದ. ಗಡಿ ಇದ್ದದ್ದು ಚರ್ಮದ ಮೇಲೆ. ಅವು ರಕ್ತದ ದಾರಿಯಲ್ಲಿ ಹೋಗಿದ್ದವು.

“ಮೊದಲ ತಿಂಗಳೇ ಬಂದಿದ್ರೆ?” ಅಂತ ಕೇಳಿದಳು.

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. “ಉಳೀತಿದ್ರು ಅಂತ ಗ್ಯಾರಂಟಿ ಕೊಡೋಕಾಗಲ್ಲ. ಉಳಿಯೋರು ತುಂಬಾ ಜನ ಇದಾರೆ. ಅವರೆಲ್ಲ ಬೇಗ ಬಂದೋರು.”

ಆಸ್ಪತ್ರೆಯ ಎದುರಿನ ಬೂತಿನಿಂದ ಕೆಂಚಕ್ಕ ಮೇಷ್ಟ್ರು ಮೊದಲ ಸಲ ಬಂದಾಗ ಕೊಟ್ಟಿದ್ದ ಕಾರ್ಡಿನ ನಂಬರಿಗೆ ಫೋನು ಮಾಡಿಸಿದಳು. ಸಾರ್ ಮೀಟಿಂಗಲ್ಲಿದ್ದಾರೆ ಅಂದರು. ಮೂರು ದಿನ ಮಾಡಿಸಿದಳು. ಮೂರು ದಿನವೂ ಮೀಟಿಂಗೇ.

ಮಳೆ ಹಿಡಿದು ರಾಗಿ ಬಿತ್ತುವ ಹೊತ್ತಿಗೆ ನಿಂಗಮ್ಮ ಹಟ್ಟಿಯಲ್ಲೇ ತೀರಿಕೊಂಡಳು. ಕೊನೆಯ ವಾರ ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ಕೆಂಚಕ್ಕನ ಕೈ ಹಿಡಿದು, “ಕೈಯೇನೋ ಒಳ್ಳೇದೇ ಕಣತ್ಗೆ, ಕೆಲಸ ಬೇರೆ ಕೊಟ್ಬುಟ್ವಿ” ಅಂದಳು. ಮಣ್ಣು ಮಾಡಿ ಬಂದ ಸಂಜೆ ಕುರಿಗಳು ಎಂದಿನ ಹಾಗೆ ಬಯಲಿಗೆ ಬಂದವು. ಎತ್ತಪ್ಪ ಕೋಲು ಹಿಡಿದು ಹೊಡೆದ, ಬೈದ, ಒಂದು ಮರಿಯನ್ನು ಎತ್ತಿ ನಡುವೆ ಹಾಕಿದ. ಮರಿ ಅರಚಿಕೊಂಡು ಹೊರಗೋಡಿತು. ಆ ಜಾಗ ಇವತ್ತಿಗೂ ಬಳೆಯಾಗಿ ಖಾಲಿಯೇ ಬೀಳುತ್ತದೆ. ನಿಂಗಮ್ಮನನ್ನು ಕಾಣದೆ ಹುಟ್ಟಿದ ಮರಿಗಳೂ ಅಲ್ಲಿ ಮಲಗುವುದಿಲ್ಲ. ಯಾಕೆ ಅಂತ ಕೆಂಚಕ್ಕ ಯಾರನ್ನೂ ಕೇಳಿಲ್ಲ.

ಕಾಲೇಜಿನ ಫೋಟೋದ ಸುದ್ದಿ ಅಷ್ಟರಲ್ಲಿ ತುರುವೇಕೆರೆತನಕ ಹೋಗಿತ್ತು. ಗಂಟು ನಿಲ್ಲಿಸುವ ಬಣ್ಣ ಇದೆಯಂತೆ, ಕಾಲೇಜಿನವರೇ ಒಪ್ಪಿದ್ದಾರಂತೆ ಅಂತ. ಹೆಂಗಸರು ಸೆರಗು ಬಿಗಿಯಾಗಿ ಹೊದ್ದುಕೊಂಡು ಹಟ್ಟಿಗೆ ಬರತೊಡಗಿದರು. ಒಬ್ಬಳು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೊಬ್ಬರಿ ಆರಿಸುವವಳು, ಹೆಸರು ಮೀನಾ. ಐನೂರು ರೂಪಾಯಿ ನೋಟು ಮಡಚಿ ತಂದಿದ್ದಳು. “ಗಡಿ ಹಾಕಮ್ಮ” ಅಂದಳು.

ಕೆಂಚಕ್ಕ ನೋಟು ಮುಟ್ಟಲಿಲ್ಲ. ಏಳು ಎಳೆ ತಂದು ಅವಳ ತೊಡೆಯ ಮೇಲೆ ಹಾಕಿದಳು.

“ಒಂದರ ಪಕ್ಕ ಒಂದು ಇಟ್ಟು ನೋಡು.”

“ಸೋಕಿಸಬಾರ್ದಂತೆ?”

“ನಾನು ಹೇಳ್ತಿದೀನಲ್ಲ, ಸೋಕಿಸು.”

ಮೀನಾ ಇಟ್ಟು ನೋಡಿದಳು. ಮೆಟ್ಟಿಲು ಇಳಿಯುತ್ತಾ ಹೋಯಿತು. ಅವಳ ಮುಖದ ಬಣ್ಣವೂ ಇಳಿಯಿತು. ಕೆಂಚಕ್ಕ ಶಾಂತಕುಮಾರಿ ಬರೆದ ಹಳೇ ಚೀಟಿಯನ್ನು ಅವಳ ಕೈಗಿಟ್ಟಳು. ಯಾವ ಬಸ್ಸು, ಯಾವ ಸ್ಟಾಪು, ಯಾವ ಬಾಗಿಲು. “ಈ ಬೇರಲ್ಲಿ ಏನೋ ಐತೆ. ಇಲ್ಲ ಅಂತ ನಾನು ಹೇಳಲ್ಲ. ಅದನ್ನ ತಟ್ಟೆಯಿಂದ ಮನುಷ್ಯರತನಕ ತರಾದು ಓದಿದೋರ ಕೆಲಸ. ಅವರು ತರೋವರೆಗೂ ನಿನ್ ಗಂಟು ಕಾಯಲ್ಲ. ನಡಿ.”

ಮೀನಾ ಒಂದು ಎದೆ ಕಳೆದುಕೊಂಡು ವಾಪಸ್ ಬಂದು, ಈಗಲೂ ಅದೇ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದಾಳೆ, ಮೇಸ್ತ್ರಿ ಜೊತೆ ಜಗಳ ಆಡುತ್ತಿದ್ದಾಳೆ. ಆಮೇಲೆ ಬಂದವರಲ್ಲಿ ಇಬ್ಬರು ಆಸ್ಪತ್ರೆಗೆ ಹೋದರು. ಒಬ್ಬಳು ಎಳೆ ನೋಡಿ ಹೆದರಿ ಮನೆಗೇ ಹೋದಳು, ಸತ್ತಳು.

ಕೆಂಚಕ್ಕ ಕಂಬಳಿಯಂಚಿಗೆ ಈಗಲೂ ಕೆಂಪು ಕಟ್ಟುತ್ತಾಳೆ. ಸೌಳು ಹಾಕುವಾಗ ಮಾತ್ರ ಮಡಕೆಯ ಕಡೆ ನೋಡುವುದಿಲ್ಲ. ಮೇಷ್ಟ್ರು ಬಂದರೆ ಕೂಲಿ ಕೇಳುವುದಿಲ್ಲ. ಜೀಪಿನಿಂದ ಇಳಿದು, ನಿಂಗಮ್ಮನ ಬಯಲಲ್ಲಿ, ಕುರಿಗಳು ಬಿಟ್ಟ ಆ ಖಾಲಿ ಜಾಗದ ನಡುವೆ ನಿಂತು ಅದೇ ಮಾತನ್ನು ಇನ್ನೊಂದು ಸಲ ಹೇಳು ಅನ್ನುತ್ತಾಳೆ. ಅವನು ಬರುವಾಗ ಬರಲಿ.

ನಿಮ್ಮನ್ನು ಕೇಳುವುದು ಬೇರೆ. ನಿಮ್ಮ ಮನೆಯಲ್ಲಿ ರವಿಕೆ ಬದಲಿಸುವಾಗ ಗೋಡೆ ಕಡೆ ತಿರುಗುವವಳು ಯಾರು? ಅಮ್ಮನಾ, ಹೆಂಡತಿಯಾ, ಅತ್ತಿಗೆಯಾ, ಇಲ್ಲಾ ನೀವೇನಾ? ಗೊತ್ತಿಲ್ಲ ಅನ್ನಬೇಡಿ. ಓದಿದ್ದು ಸಾಕು, ಇದನ್ನು ಮಡಚಿಡಿ. ಎದ್ದು ಹೋಗಿ ಕೇಳಿ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಕರ್ಕೊಂಡು ಹತ್ತಿ.